ತೊಟ್ಟಿಲು ಬರಿದಾದ ಮನೆಗಳ ಬಾಗಿಲು ತಟ್ಟಿದ ಜೂಲಿಯಾ ಲ್ಯಾಥ್ರಪ್

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಜಾನ್ಸ್‌ಟೌನ್ ಎಂಬ ಊರಿದೆ. ಕಲ್ಲಿದ್ದಲು ಗಣಿ ಮತ್ತು ಉಕ್ಕಿನ ಕಾರ್ಖಾನೆಗಳ ಈ ಊರಿನ ಹೆಸರು ಲೋಕಕ್ಕೆ ತಿಳಿದದ್ದು 1889ರ ಮಹಾಪ್ರವಾಹದಿಂದ. ಮೇಲಿನ ಕಣಿವೆಯ ಅಣೆಕಟ್ಟು ಒಡೆದು ನುಗ್ಗಿದ ನೀರಿಗೆ ಅಂದು 2,200ಕ್ಕೂ ಹೆಚ್ಚು ಮಂದಿ ಬಲಿಯಾದರು. ಆ ದುರಂತದ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಅದೇ ಊರಿನಲ್ಲಿ ವರ್ಷ ವರ್ಷವೂ ಸದ್ದಿಲ್ಲದೆ ಕಣ್ಣು ಮುಚ್ಚುತ್ತಿದ್ದ ಹಸುಗೂಸುಗಳು ಮಾತ್ರ ಯಾವ ಪತ್ರಿಕೆಗೂ ಸುದ್ದಿಯಾಗಲಿಲ್ಲ.

1913ರಲ್ಲಿ ಈ ಊರಿನ ಓಣಿಗಳಿಗೆ ಕೆಲವು ಮಹಿಳೆಯರು ಬಂದರು. ಅವರ ಬಳಿ ಔಷಧಿಯ ಪೆಟ್ಟಿಗೆಯಿರಲಿಲ್ಲ, ದಾನದ ಹಣವೂ ಇರಲಿಲ್ಲ. ಇದ್ದುದು ಪ್ರಶ್ನೆಗಳ ಪಟ್ಟಿ ಮಾತ್ರ. 1911ರಲ್ಲಿ ಮಗು ಹೆತ್ತ ತಾಯಂದಿರ ಮನೆಗಳನ್ನು ಹುಡುಕಿ, ಬಾಗಿಲು ತಟ್ಟಿ, ಒಳಗೆ ಕುಳಿತು ಅವರು ಆ ಮಗುವಿನ ಕಥೆ ಕೇಳಿದರು. ಮಗು ಬದುಕಿದ್ದರೆ ಹೇಗೆ ಬದುಕಿತು, ಇಲ್ಲವಾದರೆ ಹೇಗೆ ಇಲ್ಲವಾಯಿತು ಎಂದು ವಿಚಾರಿಸಿದರು. ಇವರನ್ನು ಕಳುಹಿಸಿದವರು ವಾಷಿಂಗ್ಟನ್ನಿನ ಒಂದು ಪುಟ್ಟ ಸರ್ಕಾರಿ ಕಚೇರಿಯ ಮುಖ್ಯಸ್ಥೆ, 54 ವರ್ಷದ ಅವಿವಾಹಿತೆ ಜೂಲಿಯಾ ಕ್ಲಿಫರ್ಡ್ ಲ್ಯಾಥ್ರಪ್.

ಶಿಶು ಮರಣದ ಕಾರಣವನ್ನು ಆಸ್ಪತ್ರೆಯ ದಾಖಲೆಯಲ್ಲಿ ಮಾತ್ರವಲ್ಲದೆ ಮನೆಯವರ ಬಾಯಿಂದಲೂ ಕೇಳಿ ತಿಳಿಯುವ ಪದ್ಧತಿ ಇಂದು ನಮ್ಮ ದೇಶದಲ್ಲೂ ಇದೆ. ಒಂದು ಶತಮಾನಕ್ಕೂ ಹಿಂದೆ ಅದನ್ನು ಸರ್ಕಾರಿ ಕಾರ್ಯಕ್ರಮವಾಗಿ ರೂಪಿಸಿದವರಲ್ಲಿ ಜೂಲಿಯಾ ಅವರದು ಮೊದಲ ಸಾಲಿನ ಹೆಸರು. ನಮ್ಮಲ್ಲಿ ಅವರ ಪರಿಚಯ ಕಡಿಮೆ. ಆದರೆ ಅವರ ಬದುಕಿನ ಕಥೆ ನಮಗೆ ದೂರದ್ದೇನಲ್ಲ.

ವಕೀಲರ ಮನೆಯ ಹಿರಿಯ ಮಗಳು

ಜೂಲಿಯಾ ಹುಟ್ಟಿದ್ದು 1858ರ ಜೂನ್ 29ರಂದು, ಇಲಿನಾಯ್ ರಾಜ್ಯದ ರಾಕ್‌ಫರ್ಡ್ ಪಟ್ಟಣದಲ್ಲಿ. ತಂದೆ ವಿಲಿಯಂ ಲ್ಯಾಥ್ರಪ್ ಹೆಸರಾಂತ ವಕೀಲರು. ರಾಜ್ಯದ ಶಾಸಕರಾಗಿ, ಅನಂತರ ಅಮೆರಿಕ ಸಂಸತ್ತಿನ ಸದಸ್ಯರಾಗಿ ಸೇವೆ ಸಲ್ಲಿಸಿದವರು. ತಾಯಿ ಸಾರಾ ಅಡೆಲೈನ್ ಪಾಟರ್ ರಾಕ್‌ಫರ್ಡ್ ಮಹಿಳಾ ವಿದ್ಯಾಲಯದ ಮೊದಲ ತಂಡದ ಪದವೀಧರೆ. ಮಹಿಳೆಯರಿಗೆ ಮತದಾನದ ಹಕ್ಕು ಬೇಕೆಂದು ವಾದಿಸುತ್ತಿದ್ದವರು. ಇಂಥ ಮನೆಯಲ್ಲಿ ಹೆಣ್ಣುಮಕ್ಕಳ ಓದಿಗೆ ಅಡ್ಡಿಯಿರಲಿಲ್ಲ.

ತಾಯಿ ಓದಿದ ವಿದ್ಯಾಲಯದಲ್ಲಿಯೇ ಒಂದು ವರ್ಷ ಕಳೆದು, ಆಮೇಲೆ ನ್ಯೂಯಾರ್ಕ್ ರಾಜ್ಯದ ವ್ಯಾಸರ್ ಕಾಲೇಜಿಗೆ ಸೇರಿ 1880ರಲ್ಲಿ ಜೂಲಿಯಾ ಪದವಿ ಪಡೆದರು. ಆದರೆ ಪದವಿ ಪಡೆದ ಹೆಣ್ಣಿಗೆ ಆ ಕಾಲದಲ್ಲಿ ಮುಂದಿನ ದಾರಿಗಳು ಹೆಚ್ಚಿರಲಿಲ್ಲ. ಊರಿಗೆ ಮರಳಿ ತಂದೆಯ ವಕೀಲಿ ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ಹತ್ತು ವರ್ಷ ದುಡಿದರು. ಕಾಗದಪತ್ರಗಳನ್ನು ಓದುವುದು, ಕಾನೂನಿನ ಒಂದೊಂದು ಪದವನ್ನೂ ತೂಗಿ ನೋಡುವುದು ಅಲ್ಲಿ ಅಭ್ಯಾಸವಾಯಿತು. ವ್ಯರ್ಥವೆಂದು ತೋರಬಹುದಾದ ಆ ಹತ್ತು ವರ್ಷಗಳೇ ಮುಂದೆ ಅವರ ಬಂಡವಾಳವಾದವು.

ಬದುಕು ತಿರುವು ಪಡೆದದ್ದು 1890ರಲ್ಲಿ. ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಗೆಳತಿಯರು ಹಿಂದಿನ ವರ್ಷವಷ್ಟೇ ಶಿಕಾಗೋ ನಗರದ ಹಾಲ್‌ಸ್ಟೆಡ್ ರಸ್ತೆಯಲ್ಲಿ ಹಲ್ ಹೌಸ್ ಎಂಬ ಸೇವಾಗೃಹವನ್ನು ತೆರೆದಿದ್ದರು. ಯುರೋಪಿನ ನಾನಾ ದೇಶಗಳಿಂದ ಹೊಟ್ಟೆಪಾಡಿಗೆಂದು ಬಂದ ಬಡ ಕೂಲಿಕಾರರ ನಡುವೆ ವಿದ್ಯಾವಂತ ಹೆಣ್ಣುಮಕ್ಕಳು ನೆರೆಹೊರೆಯವರಾಗಿ ಬಾಳುವ ತಾಣ ಅದು. 32ರ ವಯಸ್ಸಿನಲ್ಲಿ ಜೂಲಿಯಾ ಅಲ್ಲಿಗೆ ಹೋಗಿ ನೆಲೆಸಿದರು.

ಆರಂಭದ ದಿನಗಳ ಒಂದು ಘಟನೆಯನ್ನು ಜೇನ್ ಆಡಮ್ಸ್ ಬಹಳ ವರ್ಷಗಳ ನಂತರ ನೆನಪಿಸಿಕೊಂಡಿದ್ದಾರೆ. ನೆರೆಯ ವಠಾರದಲ್ಲಿ ಮದುವೆಯಾಗದ ಹುಡುಗಿಯೊಬ್ಬಳು ಹೆರಿಗೆ ನೋವಿನಲ್ಲಿ ಒಬ್ಬಳೇ ಒದ್ದಾಡುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ಆ ಮನೆಯ ಹೊಸ್ತಿಲು ತುಳಿಯಲು ಸಿದ್ಧರಿರಲಿಲ್ಲ. ಸುದ್ದಿ ತಿಳಿದು ಜೇನ್ ಮತ್ತು ಜೂಲಿಯಾ ಓಡಿದರು. ಇಬ್ಬರಿಗೂ ಹೆರಿಗೆ ಮಾಡಿಸಿದ ಅನುಭವವಿರಲಿಲ್ಲ. ಆದರೂ ಮಗು ಸುರಕ್ಷಿತವಾಗಿ ಹುಟ್ಟಿತು. ಹಿಂದಿರುಗುವಾಗ ಇದು ನಮ್ಮ ಕೆಲಸವೇ ಎಂಬ ಅಳುಕು ಜೇನ್ ಅವರನ್ನು ಕಾಡಿತಂತೆ. ಜೂಲಿಯಾ ಅವರಿಗೆ ಅಂಥ ಅಳುಕಿರಲಿಲ್ಲ. ಕರೆ ಬಂದಾಗ ಹೋಗದಿರುವುದೇ ಅವರ ದೃಷ್ಟಿಯಲ್ಲಿ ತಪ್ಪಾಗಿತ್ತು.

102 ಜಿಲ್ಲೆಗಳ ಸುತ್ತಾಟ

1893ರಲ್ಲಿ ಅಮೆರಿಕ ಭೀಕರ ಆರ್ಥಿಕ ಕುಸಿತಕ್ಕೆ ಸಿಲುಕಿತು. ಶಿಕಾಗೋದಲ್ಲಿ ಕೆಲಸ ಕಳೆದುಕೊಂಡವರು ಪರಿಹಾರಕ್ಕಾಗಿ ಸಾಲುಗಟ್ಟಿ ನಿಂತರು. ಅರ್ಜಿ ಹಾಕಿದವರ ಮನೆಗಳಿಗೆ ಹೋಗಿ ಸ್ಥಿತಿಗತಿ ತಿಳಿದುಬರುವ ಕೆಲಸವನ್ನು ಜೂಲಿಯಾ ಸ್ವಇಚ್ಛೆಯಿಂದ ವಹಿಸಿಕೊಂಡರು. ಬಡವರ ಮನೆಯಲ್ಲಿ ಹೇಗೆ ಕೂರಬೇಕು, ಹೇಗೆ ಕೇಳಬೇಕು, ಯಾವುದನ್ನು ಕೇಳಬಾರದು ಎಂಬ ಪಾಠ ಅವರಿಗಾದದ್ದು ಇಲ್ಲಿ.

ಅದೇ ವರ್ಷ ರಾಜ್ಯಪಾಲ ಜಾನ್ ಪೀಟರ್ ಆಲ್ಟ್‌ಗೆಲ್ಡ್ ಅವರನ್ನು ಇಲಿನಾಯ್ ರಾಜ್ಯದ ಧರ್ಮಾದಾಯ ಸಂಸ್ಥೆಗಳ ಮಂಡಳಿಗೆ ನೇಮಿಸಿದರು. ಆ ಮಂಡಳಿಗೆ ಮಹಿಳೆಯೊಬ್ಬರು ಸದಸ್ಯರಾದದ್ದು ಅದೇ ಮೊದಲು. ಕಚೇರಿಯಲ್ಲಿ ಕುಳಿತು ವರದಿಗಳಿಗೆ ಸಹಿ ಹಾಕುವ ಬದಲು ಜೂಲಿಯಾ ರಾಜ್ಯದ 102 ಜಿಲ್ಲೆಗಳ ಅನಾಥಾಲಯ, ಬಡವರ ಆಶ್ರಯಧಾಮಗಳನ್ನು ಖುದ್ದಾಗಿ ನೋಡಿ ಬಂದರು. ಮಕ್ಕಳು, ವೃದ್ಧರು, ಮಾನಸಿಕ ರೋಗಿಗಳು ಎಲ್ಲರನ್ನೂ ಒಂದೇ ಸೂರಿನಡಿ ಕೂಡಿಹಾಕಿದ್ದ ದೃಶ್ಯ ಅವರಿಗೆ ಹಲವೆಡೆ ಕಂಡಿತು. ಅಲ್ಲಿನ ನೌಕರಿಗಳು ಅರ್ಹತೆಯಿಂದಲ್ಲದೆ ರಾಜಕೀಯ ಶಿಫಾರಸಿನಿಂದ ಹಂಚಿಕೆಯಾಗುತ್ತಿದ್ದವು. ಇದನ್ನು ಪ್ರತಿಭಟಿಸಿ 1901ರಲ್ಲಿ ಅವರು ರಾಜೀನಾಮೆ ನೀಡಿದರು. 1905ರಲ್ಲಿ ಮತ್ತೆ ಕರೆ ಬಂದಾಗ ಮರಳಿದರು.

ಈ ನಡುವೆ 1899ರಲ್ಲಿ ಶಿಕಾಗೋದಲ್ಲಿ ಅಮೆರಿಕದ ಮೊದಲ ಬಾಲ ನ್ಯಾಯಾಲಯ ಆರಂಭವಾಯಿತು. ತಪ್ಪು ಮಾಡಿದ ಮಕ್ಕಳನ್ನು ವಯಸ್ಕ ಅಪರಾಧಿಗಳ ಜತೆ ಜೈಲಿಗೆ ನೂಕಬಾರದೆಂಬ ಆ ಕಾನೂನಿನ ಹಿಂದೆ ಲೂಸಿ ಫ್ಲವರ್ ಅವರೊಂದಿಗೆ ದುಡಿದವರಲ್ಲಿ ಜೂಲಿಯಾ ಪ್ರಮುಖರು.

ಹತ್ತಿಯ ಹುಳುವಿಗೆ ಇಲಾಖೆ, ಮಗುವಿಗೆ ಇಲ್ಲ

ಅಮೆರಿಕದ ಮಕ್ಕಳಿಗಾಗಿಯೇ ಒಂದು ಸರ್ಕಾರಿ ಕಚೇರಿ ಬೇಕೆಂಬ ಯೋಚನೆ ಮೊಳೆತದ್ದು 1903ರಲ್ಲಿ. ನ್ಯೂಯಾರ್ಕಿನ ದಾದಿ ಲಿಲಿಯನ್ ವಾಲ್ಡ್ ಮತ್ತು ಕಾರ್ಮಿಕ ಹೋರಾಟಗಾರ್ತಿ ಫ್ಲಾರೆನ್ಸ್ ಕೆಲ್ಲಿ ಬೆಳಗಿನ ಉಪಾಹಾರದ ವೇಳೆ ಪತ್ರಿಕೆ ಓದುತ್ತಿದ್ದಾಗ ಒಂದು ಸುದ್ದಿ ಕಣ್ಣಿಗೆ ಬಿತ್ತು. ಹತ್ತಿ ಬೆಳೆಗೆ ತಗುಲಿದ ಕೀಟದ ಬಾಧೆಯನ್ನು ಪರಿಶೀಲಿಸಲು ಕೇಂದ್ರದ ಕೃಷಿ ಕಾರ್ಯದರ್ಶಿಯೇ ದಕ್ಷಿಣದ ರಾಜ್ಯಗಳಿಗೆ ಹೊರಟಿದ್ದರು. ಹತ್ತಿಯ ಕಾಯಿ ಉದುರಿದರೆ ಕಾರಣ ಹುಡುಕಲು ಸರ್ಕಾರವಿದೆ. ಮಡಿಲಿನ ಮಗು ಸತ್ತರೆ ಕೇಳುವವರಾರು ಎಂಬ ಪ್ರಶ್ನೆ ಅವರಲ್ಲಿ ಎದ್ದಿತು.

ಆ ಪ್ರಶ್ನೆ ಕಾನೂನಾಗಲು ಒಂಬತ್ತು ವರ್ಷ ಹಿಡಿಯಿತು. 1912ರ ಏಪ್ರಿಲ್ 9ರಂದು ಅಧ್ಯಕ್ಷ ವಿಲಿಯಂ ಹೊವಾರ್ಡ್ ಟಾಫ್ಟ್ ಮಕ್ಕಳ ಬ್ಯೂರೋ ಸ್ಥಾಪನೆಯ ಮಸೂದೆಗೆ ಸಹಿ ಹಾಕಿದರು. ಅದರ ಮುಖ್ಯಸ್ಥೆಯಾಗಿ ಜೂಲಿಯಾ ನೇಮಕಗೊಂಡರು. ಅಮೆರಿಕದ ಕೇಂದ್ರ ಸರ್ಕಾರದ ಬ್ಯೂರೋ ಒಂದಕ್ಕೆ ಮಹಿಳೆ ಮುಖ್ಯಸ್ಥೆಯಾದದ್ದು ಅದೇ ಪ್ರಥಮ. ಆ ದೇಶದ ಎಲ್ಲ ರಾಜ್ಯಗಳ ಮಹಿಳೆಯರಿಗೂ ಮತದಾನದ ಹಕ್ಕು ಸಂವಿಧಾನದ ಮೂಲಕ ದೊರೆತದ್ದು ಇದಾದ ಎಂಟು ವರ್ಷಗಳ ಮೇಲೆ, 1920ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು.

ಹೊಸ ಕಚೇರಿಗೆ ಮಂಜೂರಾದದ್ದು ಕೇವಲ 25,640 ಡಾಲರ್ ಮತ್ತು 15 ಮಂದಿ ಸಿಬ್ಬಂದಿ. ಇಡೀ ದೇಶದ ಮಕ್ಕಳ ಯೋಗಕ್ಷೇಮ ನೋಡಲು ಇಷ್ಟು! ಮೇಲಾಗಿ ಸರ್ಕಾರದವರು ಮನೆಯೊಳಗೆ ನುಗ್ಗುತ್ತಾರೆ, ತಂದೆತಾಯಿಯ ಹಕ್ಕು ಕಸಿಯುತ್ತಾರೆ ಎಂಬ ಆಕ್ಷೇಪಗಳು ಸಂಸತ್ತಿನಲ್ಲಿ ಕೇಳಿಬಂದಿದ್ದವು. ಅದಕ್ಕಾಗಿ ಕಾನೂನಿನಲ್ಲಿಯೇ ಒಂದು ನಿರ್ಬಂಧ ಸೇರಿತು. ಮನೆಯ ಯಜಮಾನ ಬೇಡವೆಂದರೆ ಬ್ಯೂರೋದವರು ಹೊಸ್ತಿಲು ದಾಟುವಂತಿರಲಿಲ್ಲ. ಆದ್ದರಿಂದ ಜೂಲಿಯಾ ಅವರ ಕೆಲಸವೆಲ್ಲ ನಿಂತದ್ದು ಅಪರಿಚಿತರ ವಿಶ್ವಾಸದ ಮೇಲೆ. ಅಧಿಕಾರದ ಬಲದಿಂದ ಒಂದು ಬಾಗಿಲನ್ನೂ ತೆರೆಸಲು ಅವರಿಗೆ ಸಾಧ್ಯವಿರಲಿಲ್ಲ.

ಸಾವಿನಿಂದಲ್ಲ, ಹುಟ್ಟಿನಿಂದ ಎಣಿಕೆ

ಬ್ಯೂರೋ ಎತ್ತಿಕೊಂಡ ಮೊದಲ ವಿಷಯವೇ ಶಿಶು ಮರಣ. ಆಗ ಅಮೆರಿಕದಲ್ಲಿ ಹುಟ್ಟಿದ ವರ್ಷದೊಳಗೆ ಸಾಯುವ ಮಕ್ಕಳ ಸಂಖ್ಯೆ ವರ್ಷಕ್ಕೆ 3 ಲಕ್ಷದಷ್ಟಿರಬಹುದೆಂದು ಬ್ಯೂರೋ ಅಂದಾಜು ಮಾಡಿತ್ತು. ಅದು ಅಂದಾಜೇ ಹೊರತು ಲೆಕ್ಕವಲ್ಲ. ಏಕೆಂದರೆ ಜನನಗಳ ನೋಂದಣಿ ಬಹುಪಾಲು ರಾಜ್ಯಗಳಲ್ಲಿ ಸರಿಯಾಗಿ ನಡೆಯುತ್ತಲೇ ಇರಲಿಲ್ಲ.

ಅದುವರೆಗೆ ಶಿಶು ಮರಣದ ಅಧ್ಯಯನಗಳು ಸಾಮಾನ್ಯವಾಗಿ ಮರಣ ಪತ್ರದಿಂದ ಆರಂಭವಾಗುತ್ತಿದ್ದವು. ಭೇದಿ, ಶ್ವಾಸಕೋಶದ ಉರಿಯೂತ, ಹುಟ್ಟಿನಿಂದ ಬಂದ ನಿಶ್ಶಕ್ತಿ ಎಂದು ವೈದ್ಯರು ಬರೆದ ಒಂದು ಪದವಷ್ಟೇ ಅಲ್ಲಿ ಸಿಗುತ್ತಿತ್ತು. ಪರೀಕ್ಷೆಗೆ ಕುಳಿತವರೆಷ್ಟೆಂದು ತಿಳಿಯದೆ ಅನುತ್ತೀರ್ಣರಾದವರ ಪಟ್ಟಿಯನ್ನಷ್ಟೇ ಹಿಡಿದು ಶಾಲೆಯ ಯೋಗ್ಯತೆ ಅಳೆದಂತೆ ಇದು. ಅದೇ ಓಣಿಯಲ್ಲಿ, ಅದೇ ವರ್ಷ ಹುಟ್ಟಿ ಬದುಕಿ ಉಳಿದ ಮಗುವಿನ ಮನೆಗೂ ಸತ್ತ ಮಗುವಿನ ಮನೆಗೂ ಇದ್ದ ವ್ಯತ್ಯಾಸವೇನು? ಈ ಪ್ರಶ್ನೆಗೆ ಮರಣ ಪತ್ರದಲ್ಲಿ ಉತ್ತರವಿರಲಿಲ್ಲ.

ಜೂಲಿಯಾ ದಾರಿ ಬದಲಿಸಿದರು. ಸಾವಿನ ಬದಲು ಹುಟ್ಟಿನಿಂದ ಎಣಿಸಬೇಕು, ಒಂದು ವರ್ಷದಲ್ಲಿ ಒಂದು ಊರಿನಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಮೊದಲ ಹುಟ್ಟುಹಬ್ಬದವರೆಗೆ ಹಿಂಬಾಲಿಸಿ ನೋಡಬೇಕು, ಅದಕ್ಕಾಗಿ ತಾಯಂದಿರನ್ನೇ ಕೇಳಬೇಕು ಎಂದು ಅವರು ನಿರ್ಧರಿಸಿದರು. ಸಣ್ಣ ಸಿಬ್ಬಂದಿಗೆ ನಿಲುಕುವಷ್ಟು ಗಾತ್ರದ, ಜನನ ನೋಂದಣಿ ತಕ್ಕಮಟ್ಟಿಗೆ ಚೆನ್ನಾಗಿದ್ದ ಜಾನ್ಸ್‌ಟೌನ್ ಇದಕ್ಕೆ ಆಯ್ಕೆಯಾಯಿತು. ಮನೆಗಳಿಗೆ ಹೋಗಲು ಮಹಿಳೆಯರನ್ನೇ ಆರಿಸಲಾಯಿತು. ಬಾಣಂತನದ ಸಂಗತಿಗಳನ್ನು ತಾಯಂದಿರು ಹೆಂಗಸರ ಮುಂದೆ ಮಾತ್ರ ಬಿಚ್ಚಿ ಹೇಳಿಯಾರೆಂಬುದು ಹಲ್ ಹೌಸ್ ಕಲಿಸಿದ ಪಾಠ.

ಪ್ರಶ್ನೆಗಳು ಸರಳವಾಗಿದ್ದವು. ಹೆರಿಗೆ ಮಾಡಿಸಿದವರು ವೈದ್ಯರೋ ಸೂಲಗಿತ್ತಿಯೋ? ಹೆರಿಗೆಗೆ ಮುನ್ನ ಎಂದಿನವರೆಗೆ ದುಡಿದಿರಿ, ಹೆತ್ತ ಎಷ್ಟು ದಿನಕ್ಕೆ ಎದ್ದಿರಿ? ಎದೆಹಾಲು ಕುಡಿಸಿದಿರಾ, ಬಾಟಲಿ ಹಾಲೇ? ನೀರು ಎಲ್ಲಿಂದ ತರುತ್ತೀರಿ? ಶೌಚಾಲಯ ಹೇಗಿದೆ? ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತೀರಿ? ಗಂಡನ ವರ್ಷದ ಸಂಪಾದನೆ ಎಷ್ಟು? ಇದಕ್ಕೆ ಮೊದಲು ಹೆತ್ತ ಮಕ್ಕಳು ಎಷ್ಟು, ಉಳಿದವರೆಷ್ಟು? ಸತ್ತ ಕೂಸಿನ ಮಾತೆತ್ತಿದರೆ ತಾಯಿ ಕದ ಹಾಕಿಕೊಳ್ಳಬಹುದೆಂಬ ಭಯ ಯಾರಿಗಾದರೂ ಇರಬಹುದಿತ್ತು. ಆದರೆ ಜಾನ್ಸ್‌ಟೌನಿನ ತಾಯಂದಿರು ಮಾತನಾಡಿದರು. ಒಂದೂವರೆ ಸಾವಿರದಷ್ಟು ಮಕ್ಕಳ ಕಥೆ ಹೀಗೆ ದಾಖಲಾಯಿತು.

ಆ ವರದಿಯಲ್ಲಿ ಹೆಸರಿಲ್ಲದ ಪೋಲಿಷ್ ತಾಯಿಯೊಬ್ಬಳಿದ್ದಾಳೆ. ದಿನವಿಡೀ ಬಟ್ಟೆ ಒಗೆದು, ಸಂಜೆ ಐದಕ್ಕೆ ಬಟ್ಟೆ ಉಜ್ಜುವ ಹಲಗೆಯನ್ನು ಹಿಂದಿರುಗಿಸಲು ತಂಗಿಯ ಮನೆಗೆ ಹೋದಾಗ ಆಕೆಗೆ ಅಲ್ಲಿಯೇ ಹೆರಿಗೆಯಾಯಿತು. ತಂಗಿ ಇನ್ನೂ ಚಿಕ್ಕವಳು. ಹೊಕ್ಕುಳಬಳ್ಳಿಯನ್ನು ತಾಯಿಯೇ ಕತ್ತರಿಸಿಕೊಂಡು, ಮಗುವನ್ನು ತೊಳೆದು ಎತ್ತಿಕೊಂಡು ಮನೆಗೆ ನಡೆದಳು. ಹಣ ಕೊಟ್ಟು ಮನೆಯಲ್ಲಿ ಉಳಿದಿದ್ದ ಕೂಲಿಕಾರರಿಗೆ ರಾತ್ರಿಯ ಅಡುಗೆ ಮಾಡಿ ಬಡಿಸಿದಳು. ಎಂಟು ಗಂಟೆಗೆ ಮಲಗಿದವಳು ಮರುದಿನ ಎದ್ದು ಇಸ್ತ್ರಿ ಹಾಕಿದಳು, ಹಸುಗಳ ಹಾಲು ಕರೆದು ಮಾರಿದಳು. ಗಂಡನ ದಿನಗೂಲಿ 1 ಡಾಲರ್ 70 ಸೆಂಟ್. ಅವನೂ ಆಗಾಗ ಮನೆ ಬಿಟ್ಟು ಹೋಗುತ್ತಿದ್ದವನು. ಬಾಣಂತಿಗೆ ಬೆಚ್ಚನೆಯ ಕೋಣೆ, ಎಣ್ಣೆನೀರು, ತವರಿನ ಆರೈಕೆ ಸಲ್ಲಬೇಕೆಂದು ನಂಬಿರುವ ನಮ್ಮ ಮನೆಗಳಲ್ಲಿ ಈ ಕೆಲವು ಸಾಲುಗಳನ್ನು ಓದಿದವರಿಗೆ ಬೇರೆ ವಿವರಣೆ ಬೇಕಾಗದು.

ತಂದೆಯ ಕೂಲಿ, ಮಗುವಿನ ಆಯುಸ್ಸು

ಎಮ್ಮಾ ಡ್ಯೂಕ್ ಸಿದ್ಧಪಡಿಸಿದ ಜಾನ್ಸ್‌ಟೌನ್ ವರದಿ 1915ರಲ್ಲಿ ಪ್ರಕಟವಾಯಿತು. ಸಾವಿರ ಮಕ್ಕಳಿಗೆ 134 ಮಂದಿ ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಆದರೆ ಇದು ಇಡೀ ಊರಿನ ಸರಾಸರಿ. ಸರಾಸರಿಯ ಪರದೆ ಸರಿಸಿದಾಗ ಕಂಡದ್ದೇ ಬೇರೆ. ಕಾರ್ಖಾನೆಯ ಬದಿಯ ವುಡ್‌ವೇಲ್ ವಾರ್ಡಿನಲ್ಲಿ ಸಾವಿರಕ್ಕೆ 271 ಮಕ್ಕಳು ಸಾಯುತ್ತಿದ್ದರೆ, ಅನುಕೂಲಸ್ಥರಿದ್ದ ಪೇಟೆಯ ವಾರ್ಡಿನಲ್ಲಿ ಆ ಸಂಖ್ಯೆ 50ರ ಆಸುಪಾಸಿನಲ್ಲಿತ್ತು. ಮನೆಯೊಳಗೆ ನಲ್ಲಿ ನೀರಿದ್ದ ಕಡೆ 118ರಷ್ಟಿದ್ದ ಪ್ರಮಾಣ, ಹೊರಗಿನಿಂದ ನೀರು ಹೊತ್ತು ತರುವ ಮನೆಗಳಲ್ಲಿ 198ಕ್ಕೆ ಏರುತ್ತಿತ್ತು.

ಎಲ್ಲಕ್ಕಿಂತ ಸ್ಪಷ್ಟವಾಗಿ ಮಾತನಾಡಿದ್ದು ತಂದೆಯ ಸಂಪಾದನೆಯ ಅಂಕಣ. ವರ್ಷಕ್ಕೆ 521 ಡಾಲರಿಗಿಂತ ಕಡಿಮೆ ದುಡಿಯುವವರ ಮಕ್ಕಳಲ್ಲಿ ಸಾವಿರಕ್ಕೆ ಸುಮಾರು 256 ಸಾವು. 1,200 ಡಾಲರ್ ಮತ್ತು ಅದಕ್ಕೂ ಹೆಚ್ಚು ಗಳಿಸುವವರ ಮಕ್ಕಳಲ್ಲಿ 84. ಕೂಲಿ ಏರಿದಂತೆ ಸಾವು ಇಳಿಯುತ್ತಿತ್ತು.

ಈ ಅಂಕಿಗಳ ಮಹತ್ವ ತಿಳಿಯಬೇಕಾದರೆ ಅಂದಿನ ನಂಬಿಕೆಯನ್ನು ನೆನೆಯಬೇಕು. ಬಡವರ ಮಕ್ಕಳು ಸಾಯುವುದು ತಾಯಂದಿರ ಅಜ್ಞಾನದಿಂದ, ಹೊರದೇಶದಿಂದ ಬಂದವರ ಕೊಳಕಿನಿಂದ ಎಂದು ಹೇಳುವವರೇ ಹೆಚ್ಚಾಗಿದ್ದರು. ತಪ್ಪು ತಾಯಿಯದೆಂದಾದರೆ ನಗರಸಭೆಗೂ ಕಾರ್ಖಾನೆಗೂ ಹೊಣೆಯಿಲ್ಲ. ಜೂಲಿಯಾ ಶಿಕ್ಷಣದ ಅಗತ್ಯವನ್ನು ಅಲ್ಲಗಳೆಯಲಿಲ್ಲ. ಆದರೆ ಕೊಳಚೆ ಹರಿಯುವ ಓಣಿಯನ್ನು ತಾಯಿಯೊಬ್ಬಳೇ ಸರಿಪಡಿಸಲಾರಳು, ಸಾಲದ ಕೂಲಿಯಲ್ಲಿ ಶುದ್ಧ ಹಾಲು ಕೊಳ್ಳಲಾರಳು ಎಂಬುದನ್ನು ಅಂಕಿಗಳ ಮೂಲಕ ದೇಶದ ಮುಂದಿಟ್ಟರು.

ಜಾನ್ಸ್‌ಟೌನ್ ನಂತರ ಮ್ಯಾಂಚೆಸ್ಟರ್, ಬ್ರಾಕ್ಟನ್, ನ್ಯೂ ಬೆಡ್‌ಫರ್ಡ್, ಸ್ಯಾಗಿನಾ, ವಾಟರ್‌ಬರಿ, ಆಕ್ರನ್, ಬಾಲ್ಟಿಮೋರ್ ನಗರಗಳಲ್ಲಿಯೂ ಇದೇ ಮಾದರಿಯ ಸಮೀಕ್ಷೆ ನಡೆಯಿತು. ಎಂಟು ನಗರಗಳ ಸುಮಾರು 23,000 ಮಕ್ಕಳ ವಿವರಗಳನ್ನು ಒಟ್ಟುಗೂಡಿಸಿ ರಾಬರ್ಟ್ ವುಡ್‌ಬರಿ ಬರೆದ ವರದಿ 1925ರಲ್ಲಿ ಹೊರಬಂತು. ಊರು ಬದಲಾದರೂ ಸತ್ಯ ಬದಲಾಗಿರಲಿಲ್ಲ. ಅತಿ ಕಡಿಮೆ ಸಂಪಾದನೆಯ ಮನೆಗಳಲ್ಲಿ ಸಾವಿರಕ್ಕೆ 167, ಹೆಚ್ಚು ಸಂಪಾದನೆಯ ಮನೆಗಳಲ್ಲಿ 59. ಎದೆಹಾಲು ಕುಡಿದ ಮಕ್ಕಳು ಬಾಟಲಿ ಹಾಲಿನ ಮಕ್ಕಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಉಳಿಯುತ್ತಾರೆಂಬುದೂ ಅದರಲ್ಲಿ ದೃಢಪಟ್ಟಿತು.

ಲಕ್ಷ ಪತ್ರಗಳ ಕಚೇರಿ

ತಾಯಂದಿರಿಂದ ಕೇಳಿದ್ದಕ್ಕೆ ಪ್ರತಿಯಾಗಿ ಅವರಿಗೆ ಏನನ್ನಾದರೂ ಕೊಡಬೇಕಲ್ಲವೇ? ಗರ್ಭಿಣಿಯ ಆರೈಕೆ ಕುರಿತ ಕಿರುಪುಸ್ತಕ 1913ರಲ್ಲಿ, ಶಿಶುವಿನ ಆರೈಕೆ ಕುರಿತದ್ದು 1914ರಲ್ಲಿ ಬ್ಯೂರೋದಿಂದ ಪ್ರಕಟವಾದವು. ಇವನ್ನು ಬರೆದವರು ಮೇರಿ ಮಿಲ್ಸ್ ವೆಸ್ಟ್, ಸ್ವತಃ ಮಕ್ಕಳ ತಾಯಿ. ಲಕ್ಷಗಟ್ಟಲೆ ಪ್ರತಿಗಳು ಹಳ್ಳಿಹಳ್ಳಿಗೆ ತಲುಪಿದವು.

ಬೆನ್ನಿಗೇ ಪತ್ರಗಳು ಬರತೊಡಗಿದವು. ಕೆಲವು ವರ್ಷಗಳಲ್ಲಿ ಅವುಗಳ ಸಂಖ್ಯೆ ವರ್ಷಕ್ಕೆ ಲಕ್ಷ ಮೀರಿತು. ಹಾಲು ಸಾಲದ ತಾಯಿ, ಮೂರು ಮಕ್ಕಳನ್ನು ಕಳೆದುಕೊಂಡು ನಾಲ್ಕನೆಯದನ್ನು ಹೊತ್ತವಳು, ವೈದ್ಯರ ಮುಖವನ್ನೇ ಕಾಣದ ರೈತ ಮಹಿಳೆ, ಹೀಗೆ ಎಲ್ಲರೂ ಬರೆಯುತ್ತಿದ್ದರು. 1916ರಲ್ಲಿ ವ್ಯೋಮಿಂಗ್ ರಾಜ್ಯದ ಗರ್ಭಿಣಿಯೊಬ್ಬಳು, ತನ್ನ ಮನೆಯಿಂದ ವೈದ್ಯರಿರುವ ಊರು 65 ಮೈಲಿ ದೂರವಿದೆ, ಹೆರಿಗೆಯಲ್ಲಿ ಸಾಯುವೆನೆಂಬ ಭಯವಾಗುತ್ತಿದೆ ಎಂದು ಬರೆದಳು. ಆ ಪತ್ರಕ್ಕೆ ಜೂಲಿಯಾ ತಾವೇ ಉತ್ತರಿಸಿ, ಆಕೆಗೆ ನೆರವು ದೊರಕಿಸಲು ಮುಂದಾದರು. ದೂರದ ತಾಯಂದಿರ ಸಾವಿನ ಪ್ರಶ್ನೆಯನ್ನು ಬ್ಯೂರೋ ಗಂಭೀರವಾಗಿ ಎತ್ತಿಕೊಳ್ಳಲು ಇಂಥ ಪತ್ರಗಳೇ ಪ್ರೇರಣೆಯಾದವು. ತಾಯಂದಿರ ಮರಣ ಕುರಿತ ಡಾ. ಗ್ರೇಸ್ ಮೇಗ್ಸ್ ಅವರ ವರದಿ 1917ರಲ್ಲಿ ಬಂತು.

ಜನನ ನೋಂದಣಿಯಿಲ್ಲದೆ ಮರಣದ ಲೆಕ್ಕವಿಲ್ಲವೆಂದು ಅರಿತ ಜೂಲಿಯಾ, ಮಹಿಳಾ ಸಂಘಗಳ ಸದಸ್ಯೆಯರನ್ನು ಮನೆಮನೆಗೆ ಕಳುಹಿಸಿ ನೋಂದಣಿಯಾಗದ ಮಕ್ಕಳನ್ನು ಹುಡುಕಿಸಿದರು. 1915ರಲ್ಲಿ 10 ರಾಜ್ಯಗಳು ಹಾಗೂ ರಾಜಧಾನಿ ಸೇರಿ ಜನನ ನೋಂದಣಿ ವಲಯ ರೂಪುಗೊಂಡಿತು. 1933ರ ಹೊತ್ತಿಗೆ ಅದು ಎಲ್ಲ ರಾಜ್ಯಗಳಿಗೂ ವ್ಯಾಪಿಸಿತು. 1918ರಲ್ಲಿ ಮಹಾಯುದ್ಧದ ನಡುವೆಯೇ ಮಕ್ಕಳ ವರ್ಷವನ್ನು ಘೋಷಿಸಿ, ಒಂದು ಲಕ್ಷ ಮಕ್ಕಳ ಜೀವ ಉಳಿಸುವ ಗುರಿಯಿಟ್ಟುಕೊಂಡು ಊರೂರಿನಲ್ಲಿ ಮಕ್ಕಳನ್ನು ತೂಗಿ ಅಳೆಯುವ ಕಾರ್ಯಕ್ರಮ ನಡೆಯಿತು.

ಗೆಲುವು, ಸೋಲು

ಸಮೀಕ್ಷೆಗಳು ಕಪಾಟು ಸೇರುವುದು ಜೂಲಿಯಾ ಅವರಿಗೆ ಒಪ್ಪಿಗೆಯಿರಲಿಲ್ಲ. ತಾಯಿ ಮತ್ತು ಮಗುವಿನ ಆರೋಗ್ಯಕ್ಕೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಅನುದಾನ ನೀಡಬೇಕೆಂಬ ಯೋಜನೆಯನ್ನು ಅವರು 1917ರಲ್ಲಿ ಮುಂದಿಟ್ಟರು. ಅದು ಶೆಪರ್ಡ್-ಟೌನರ್ ಕಾಯ್ದೆಯಾಗಿ 1921ರ ನವೆಂಬರ್ 23ರಂದು ಅಧ್ಯಕ್ಷ ಹಾರ್ಡಿಂಗ್ ಅವರ ಸಹಿ ಪಡೆಯಿತು. ಅದೇ ವರ್ಷ ಜೂಲಿಯಾ ಗ್ರೇಸ್ ಅಬಟ್ ಅವರಿಗೆ ಹೊಣೆ ಒಪ್ಪಿಸಿ ಹುದ್ದೆಯಿಂದ ಇಳಿದರು.

ಕಾಯ್ದೆಯಡಿ ಸುಮಾರು 3,000 ತಾಯಂದಿರ ಕೇಂದ್ರಗಳು ತೆರೆದವು. ದಾದಿಯರು ಹಳ್ಳಿಗಳಿಗೆ ಹೋದರು. ಆದರೆ ಅಮೆರಿಕದ ವೈದ್ಯರ ಸಂಘ ಇದನ್ನು ಬಲವಾಗಿ ವಿರೋಧಿಸಿತು. ಮೂರು ರಾಜ್ಯಗಳು ಅನುದಾನವನ್ನೇ ನಿರಾಕರಿಸಿದವು. ಆ ಮೂರರಲ್ಲಿ ಒಂದು ಜೂಲಿಯಾ ಅವರ ಹುಟ್ಟುನಾಡಾದ ಇಲಿನಾಯ್! 1929ರಲ್ಲಿ ಕಾಯ್ದೆಯ ಅವಧಿ ಮುಗಿದಾಗ ಸಂಸತ್ತು ಅದನ್ನು ಮುಂದುವರಿಸಲಿಲ್ಲ. ತಾವು ಬೆಳೆಸಿದ ಗಿಡ ಒಣಗಿದ್ದನ್ನು ಕಣ್ಣಾರೆ ಕಂಡೇ ಅವರು ಕೊನೆಯ ದಿನಗಳನ್ನು ಕಳೆದರು. 1935ರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ತಾಯಿ-ಮಗುವಿನ ಅನುದಾನ ಮತ್ತೆ ಚಿಗುರಿದಾಗ ನೋಡಲು ಅವರಿರಲಿಲ್ಲ.

ಅವರ ಕಾರ್ಯದಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ವಲಸೆ ಬಂದ ತಾಯಂದಿರ ಪರಂಪರಾಗತ ಪದ್ಧತಿಗಳನ್ನು, ಸೂಲಗಿತ್ತಿಯರನ್ನು ಬ್ಯೂರೋದ ಪುಸ್ತಕಗಳು ಅನುಮಾನದಿಂದಲೇ ಕಂಡವು. ಗಂಡ ದುಡಿದು ತರುವ, ಹೆಂಡತಿ ಮನೆಯಲ್ಲಿರುವ ಕುಟುಂಬವನ್ನೇ ಆದರ್ಶವಾಗಿ ಇಟ್ಟುಕೊಂಡದ್ದರಿಂದ, ದುಡಿಯುವ ತಾಯಂದಿರಿಗೆ ಬೇಕಾದ ಸೌಲಭ್ಯಗಳ ಕಡೆ ಸಾಕಷ್ಟು ಗಮನ ಹರಿಯಲಿಲ್ಲ ಎಂದು ನಂತರದ ಇತಿಹಾಸಕಾರರು ಆಕ್ಷೇಪಿಸಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಆದರೂ ಆ ಇತಿಹಾಸಕಾರರಿಗೆ ಆಧಾರವಾಗಿ ಸಿಕ್ಕ ತಾಯಂದಿರ ಹೇಳಿಕೆಗಳನ್ನು, ಪತ್ರಗಳನ್ನು ಜೋಪಾನವಾಗಿ ಉಳಿಸಿಕೊಟ್ಟದ್ದು ಇದೇ ಕಚೇರಿ ಎಂಬುದನ್ನು ಮರೆಯಲಾಗದು.

ನಿವೃತ್ತಿಯ ನಂತರ ಜೂಲಿಯಾ ರಾಕ್‌ಫರ್ಡಿಗೆ ಮರಳಿ ತಂಗಿಯೊಂದಿಗೆ ನೆಲೆಸಿದರು. ಸುಮ್ಮನೆ ಕೂರಲಿಲ್ಲ. ಇಲಿನಾಯ್ ಮಹಿಳಾ ಮತದಾರರ ಸಂಘದ ಅಧ್ಯಕ್ಷೆಯಾದರು. ರಾಷ್ಟ್ರಸಂಘದ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಕೆಲಸ ಮಾಡಿದರು. ಊರಿನ ಹದಿಹರೆಯದ ಹುಡುಗನೊಬ್ಬನಿಗೆ ಮರಣದಂಡನೆ ವಿಧಿಸಿದಾಗ ಅದರ ವಿರುದ್ಧ ದನಿಯೆತ್ತಿದ್ದು ಅವರ ಕೊನೆಯ ಹೋರಾಟ. 1932ರ ಏಪ್ರಿಲ್ 15ರಂದು, 73ನೆಯ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ಜೇನ್ ಆಡಮ್ಸ್ ತಮ್ಮ ಬಾಳಿನ ಅಂತ್ಯಕಾಲದಲ್ಲಿ ಬರೆದ ಪುಸ್ತಕ ಈ ಗೆಳತಿಯ ಜೀವನಚರಿತ್ರೆ. ಅದು ಪ್ರಕಟವಾದ 1935ರಲ್ಲಿಯೇ ಜೇನ್ ಕೂಡ ತೀರಿಕೊಂಡಿದ್ದರು.

ನಮ್ಮ ಅಂಗಳದಲ್ಲಿ

ಜಾನ್ಸ್‌ಟೌನಿನ 134 ಎಂಬ ಅಂಕಿ ನಮಗೆ ಅಪರಿಚಿತವಲ್ಲ. 1971ರಲ್ಲಿ ಭಾರತದ ಶಿಶು ಮರಣ ಪ್ರಮಾಣ ಸಾವಿರಕ್ಕೆ 129 ಇತ್ತು. 2023ರ ಮಾದರಿ ನೋಂದಣಿ ಸಮೀಕ್ಷೆಯ ವೇಳೆಗೆ ಅದು 25ಕ್ಕೆ ಇಳಿದಿದೆ. ಅಮೆರಿಕ 1915ರಲ್ಲಿ ಎಣಿಸತೊಡಗಿದಾಗ ಅಲ್ಲಿಯ ಪ್ರಮಾಣ ನೂರರ ಹತ್ತಿರವಿತ್ತು. ಒಂದು ಅಂಕಿ ಹೀಗೆ ಇಳಿಯಬೇಕಾದರೆ ಅದರ ಹಿಂದೆ ನೀರು, ಲಸಿಕೆ, ಆಸ್ಪತ್ರೆ, ಆಹಾರಗಳ ಜತೆಗೆ ಎಣಿಸುವ ಶ್ರಮವೂ ಇರಬೇಕಾಗುತ್ತದೆ.

ಆ ಶ್ರಮ ನಮ್ಮಲ್ಲಿಯೂ ನಡೆದಿದೆ. ದೇಶದ ಬಹಳಷ್ಟು ಸಾವುಗಳು ವೈದ್ಯರ ಪ್ರಮಾಣಪತ್ರವಿಲ್ಲದೆ ಮನೆಯಲ್ಲಿಯೇ ಸಂಭವಿಸುತ್ತಿದ್ದುದರಿಂದ, 2001ರಲ್ಲಿ ಆರಂಭವಾದ ದಶಲಕ್ಷ ಮರಣಗಳ ಅಧ್ಯಯನದಲ್ಲಿ ಸಮೀಕ್ಷಕರು ಸಾವು ಕಂಡ ಮನೆಗಳಿಗೆ ಹೋಗಿ, ಮನೆಯವರು ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಬರೆದುಕೊಂಡರು. ಅದನ್ನು ಇಬ್ಬರು ವೈದ್ಯರು ಪ್ರತ್ಯೇಕವಾಗಿ ಓದಿ ಕಾರಣ ನಿರ್ಧರಿಸುವ ವ್ಯವಸ್ಥೆಯಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಇದರಲ್ಲಿ ಕೈಜೋಡಿಸಿತ್ತು. ಮಕ್ಕಳ ಸಾವುಗಳನ್ನು ಆಸ್ಪತ್ರೆಯಲ್ಲಷ್ಟೇ ಅಲ್ಲದೆ ಮನೆಯಲ್ಲಿಯೂ ವಿಚಾರಿಸಬೇಕೆಂದು ಕೇಂದ್ರದ ಆರೋಗ್ಯ ಸಚಿವಾಲಯ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು.

ಕೂಸು ಕಳೆದುಕೊಂಡ ಮನೆಗೆ ಕಾಗದ ಹಿಡಿದು ಹೋಗುವುದು ಸುಲಭದ ಮಾತಲ್ಲ. ಆಶಾ ಕಾರ್ಯಕರ್ತೆಯನ್ನು, ದಾದಿಯನ್ನು ಕೇಳಿದರೆ ಗೊತ್ತಾಗುತ್ತದೆ. ಕೇಳುವ ದನಿಯಲ್ಲಿ ಆರೋಪದ ಎಳೆಯೊಂದು ಕಾಣಿಸಿದರೂ ಸಾಕು, ತಾಯಿ ಮೌನಿಯಾಗುತ್ತಾಳೆ. ದನಿ ಸರಿಯಿದ್ದರೆ ಆಕೆ ಹೇಳುವ ಸಂಗತಿ ಯಾವ ದಾಖಲೆಯಲ್ಲೂ ಇರುವುದಿಲ್ಲ. ವಾಹನ ಸಿಗದ ರಾತ್ರಿ, ಸಾಲ ಹುಟ್ಟದ ಮುಂಜಾನೆ, ಬಾಗಿಲು ಹಾಕಿದ್ದ ಉಪಕೇಂದ್ರ, ಇವೆಲ್ಲ ಆಕೆಗೆ ಮಾತ್ರ ಗೊತ್ತು. ಮಗುವಿನ ಸಾವಿನ ಬಗ್ಗೆ ಮೊದಲು ಕೇಳಬೇಕಾದದ್ದು ತಾಯಿಯನ್ನು, ದೂರಲು ಅಲ್ಲ, ತಿಳಿಯಲು ಎಂಬ ನಿಯಮವನ್ನು ಜಾನ್ಸ್‌ಟೌನಿನ ಓಣಿಗಳಲ್ಲಿ ಕಾರ್ಯರೂಪಕ್ಕೆ ತಂದವರು ಜೂಲಿಯಾ ಲ್ಯಾಥ್ರಪ್. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಆದರೆ ಹೆಸರಿಲ್ಲದೆ ಮಣ್ಣು ಸೇರುತ್ತಿದ್ದ ಸಾವಿರಾರು ಕೂಸುಗಳು ಸರ್ಕಾರದ ಲೆಕ್ಕಕ್ಕೆ ಬಂದದ್ದು ಅವರಿಂದ.